ಎರಡು ಬಾಗಿಲಿನ ಪೆಟ್ಟಿಗೆ

ಆ ಪೆಟ್ಟಿಗೆಯ ಅಂಚಿಗೆ ಎಡ್ಜ್ ಬ್ಯಾಂಡ್ ಪಟ್ಟಿ ಅಂಟಿಸಲು ಕೂತ ದಿನವೇ ನಮ್ಮವ್ವ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಳು. ಅವಳನ್ನು ಮಣ್ಣು ಮಾಡಿ ವರ್ಷಗಳಾದವು. ನಾನೇ ಮೂರು ಹಿಡಿ ಮಣ್ಣು ಹಾಕಿದ್ದೆ. ಆದರೂ ಬಂದಳು. ಒಳಗೆ ಕಾಲಿಡಲಿಲ್ಲ. ಹೊಸ್ತಿಲಾಚೆ ನಿಂತು ಎರಡೂ ಕೈ ಬೊಗಸೆ ಮಾಡಿ ಮುಂದೆ ಚಾಚಿದ್ದಳು.

"ಮಾವಾ, ಅವ್ವ ಬಂದವಳೆ" ಅಂದೆ. ನನ್ನ ಗಂಡ ಕಣ್ಣನ್ ಮೆಷಿನ್ ನಿಲ್ಲಿಸಿ ಬಾಗಿಲ ಕಡೆ ನೋಡಿದ. ಅವನಿಗೆ ಬಿಸಿಲು ಬಿಟ್ಟರೆ ಬೇರೇನೂ ಕಾಣಲಿಲ್ಲ.

"ಗಮ್ಮಿನ ವಾಸನೆ ತಲೆಗೆ ಹತ್ತಿದೆ. ಆಚೆ ಹೋಗಿ ಸ್ವಲ್ಪ ಗಾಳಿ ಕುಡಿ."

"ಆಚೆ ಹೇಗೆ ಹೋಗಲಿ? ಬಾಗಿಲಲ್ಲೇ ನಿಂತವಳೆ."

ಸಂಜೆ ಮಾರಿಯಮ್ಮನ ಗುಡಿಗೆ ಹೋಗಿ ವಿಭೂತಿ ತಂದು ನನ್ನ ಹಣೆಗೆ ಬಳಿದ. ಗಾಳಿ ಸೋಕಿದೆ ಅಂದುಕೊಂಡ. ನನಗೆ ಸಿಟ್ಟು ಬಂತು. ಹೆತ್ತವಳನ್ನು ಗಾಳಿ ಅನ್ನಬಹುದಾ? ಆದರೆ ಭಯವೂ ಆಯಿತು. ಬದುಕಿದ್ದಾಗ ನಮ್ಮವ್ವ ಯಾರ ಬಾಗಿಲಿಗೂ ಸುಮ್ಮನೆ ಹೋದವಳಲ್ಲ.

ನಮ್ಮ ಶೆಡ್ಡು ಕೊಯಮತ್ತೂರಿನ ಅಂಚಿನ ಪೋತ್ತನೂರಿನಲ್ಲಿ, ರೈಲ್ವೆ ಕಾಂಪೌಂಡಿನ ಹಿಂದೆ. ಕಣ್ಣನ್ ಪ್ಲೈವುಡ್ ಕೊಯ್ಯುತ್ತಾನೆ, ಜೋಡಿಸುತ್ತಾನೆ. ನಾನು ಲ್ಯಾಮಿನೇಟು ಅಂಟಿಸುತ್ತೇನೆ, ಅಂಚು ಉಜ್ಜುತ್ತೇನೆ, ಥಿನ್ನರ್ ಹಾಕಿ ಒರೆಸುತ್ತೇನೆ. ನನ್ನ ಬೆರಳುಗಳಲ್ಲಿ ರೇಖೆಗಳೇ ಉಳಿದಿಲ್ಲ. ರೇಷನ್ ಅಂಗಡಿಯ ಮೆಷಿನ್ ಮೇಲೆ ಹೆಬ್ಬೆಟ್ಟು ಇಟ್ಟರೆ ಅದು ನನ್ನನ್ನು ಒಪ್ಪುವುದಿಲ್ಲ.

ನಾವು ಆಚಾರಿಗಳಲ್ಲ. ಅನ್ನೂರಿನ ಆಚೆ ಒಂದು ಹಳ್ಳಿ, ಹಳ್ಳಿಯ ಆಚೆ ಒಂದು ಕೇರಿ, ಆ ಕೇರಿಯವರು. ಉಳಿ ಹಿಡಿಯುವ ಜಾತಿ ಬೇರೆ ಇತ್ತು. ಪ್ಲೈವುಡ್ಡು ಬಂತು, ಮೆಷಿನ್ ಬಂತು. ಅವು ಯಾರನ್ನೂ ಜಾತಿ ಕೇಳಲಿಲ್ಲ. ಕಣ್ಣನ್ ಒಬ್ಬರ ಶೆಡ್ಡಿನಲ್ಲಿ ಹೊಟ್ಟು ಗುಡಿಸುತ್ತಾ ಗುಡಿಸುತ್ತಾ ಕೆಲಸ ಕಲಿತ. ಮನೆಗಳಿಗೆ ಹೋದಾಗ ಜನ ನಮ್ಮನ್ನು ಆಚಾರಿ ಅಂದುಕೊಳ್ಳುತ್ತಿದ್ದರು. ನಾವು ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡಲು ನಮಗೇನು ಹುಚ್ಚೇ?

ಕೆಲಸ ತರುತ್ತಿದ್ದವಳು ಸರಣ್ಯಾ. ಇಂಟೀರಿಯರ್ ಡಿಸೈನರ್. ಓದಿದ ಹುಡುಗಿ, ಸ್ಕೂಟರಿನಲ್ಲಿ ಬರುತ್ತಿದ್ದಳು. ಅವಳದು ತಮಿಳು. ಅವಳು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

ಮೊದಲ ಮನೆಯಲ್ಲಿ ಅವಳಿಗೂ ಕಣ್ಣನ್‌ಗೂ ನಾಯಿ ಬೆಕ್ಕಿನ ಜಗಳ. ಅವಳು ಆಫೀಸಿನಲ್ಲಿ ಕೂತು ಗೆರೆ ಎಳೆದು ಫೋನಿಗೆ ಕಳಿಸಿದಳು. ಇವನು ಗೋಡೆ ನೋಡದೆ ಕೊಯ್ದ. ಬೀರುವಿನ ಬಾಗಿಲು ತೊಲೆಗೆ ಬಡಿಯಿತು. ನಿನ್ನ ತಪ್ಪು ಅಂದಳು ಅವಳು, ನಿನ್ನ ತಪ್ಪು ಅಂದ ಇವನು. ಜಗಳ ಆಡಿ ಆಡಿ ಸಾಕಾಗಿ, ಕೊನೆಗೆ ಇಬ್ಬರೂ ಆ ತೊಲೆಯ ಕೆಳಗೇ ಕೂತು ಒಂದು ಒಪ್ಪಂದ ಮಾಡಿಕೊಂಡರು. ಮುಂದೆ ಟೇಪಿನ ಒಂದು ತುದಿ ಅವಳು ಹಿಡಿಯಬೇಕು, ಒಂದು ತುದಿ ಇವನು. ಇಬ್ಬರೂ ಗೋಡೆ ಮುಟ್ಟಿ ನೋಡದೆ ಒಂದು ಹಲಗೆಯೂ ಕೊಯ್ಯಬಾರದು. ಅವಳು ಫೋನಿನಲ್ಲಿ ಅಳತೆ ಬದಲಾಯಿಸಬಾರದು, ಇವನು ಕೇಳದೆ ಬದಲಾಯಿಸಬಾರದು. ಅಲ್ಲಿಂದೀಚೆಗೆ ಒಂದು ಪೆಟ್ಟಿಗೆಯೂ ವಾಪಸ್ ಬರಲಿಲ್ಲ.

"ಮೇಡಂ ಅನ್ನಬೇಡಿ ಅಕ್ಕಾ, ಸರಣ್ಯಾ ಅನ್ನಿ" ಅಂದಿದ್ದಳು. ನಮ್ಮ ಕೇರಿ ಯಾವುದು ಅಂತ ಗೊತ್ತಿದ್ದೂ ಹೊಟ್ಟಿನ ಮೇಲೆ ಕೂತು ನನ್ನ ತಟ್ಟೆಯಿಂದಲೇ ಪುಳಿಯೋಗರೆ ತಿಂದಿದ್ದಳು. ಅವಳೆಂದರೆ ನನಗೆ ಪ್ರಾಣ. ಸುಳ್ಳು ಹೇಳುವುದಿಲ್ಲ.

ನಮ್ಮ ಕಸುಬಿನಲ್ಲಿ ಪೆಟ್ಟಿಗೆಗೆ ಹೆಸರಿರುವುದಿಲ್ಲ, ನಂಬರು ಇರುತ್ತದೆ. ಅಡುಗೆಮನೆಯದು ಕೆ ಒಂದು, ಕೆ ಎರಡು. ಪಾತ್ರೆ ತೊಳೆಯುವ ಹಿಂಬಾಲ್ಕನಿಯದು ಯು ಒಂದು, ಯು ಎರಡು. ಒಳಗೆ ಬೆಳ್ಳಿ ಇಡುತ್ತಾರೋ ಬೆಂಡೆಕಾಯಿ ಇಡುತ್ತಾರೋ ನಾವು ಕೇಳುವುದಿಲ್ಲ. ಕೇಳಬಾರದು ಅಂತ ಯಾರೂ ಹೇಳಿಲ್ಲ. ಅಭ್ಯಾಸವಿಲ್ಲ, ಅಷ್ಟೇ.

ಅವ್ವ ಬಂದ ದಿನ ನನ್ನ ಕೈಯಲ್ಲಿದ್ದದ್ದು ಯು ಎರಡು, ಒಂದು ಸಣ್ಣ ಪೆಟ್ಟಿಗೆ. ಅಡುಗೆಮನೆಗೂ ಹಿಂಬಾಲ್ಕನಿಗೂ ನಡುವಿನ ಗೋಡೆಯಲ್ಲಿ ತೂತು ಒಡೆದು ಅದರೊಳಗೆ ಕೂರಿಸುವುದು. ಅಡುಗೆಮನೆ ಕಡೆಗೊಂದು ಬಾಗಿಲು, ಬಾಲ್ಕನಿ ಕಡೆಗೊಂದು ಬಾಗಿಲು. ಸರಣ್ಯಾ ಇನ್ನೊಂದು ಮಾತು ಹೇಳಿದಳು.

"ಅಣ್ಣಾ, ಎರಡು ಬಾಗಿಲೂ ಒಟ್ಟಿಗೆ ತೆರೆಯಬಾರದು. ಒಂದು ತೆರೆದಿದ್ದಾಗ ಇನ್ನೊಂದು ಬಿಗಿಯಾಗಿರಬೇಕು."

"ಯಾಕೆ?"

ಅವಳು ಟೇಪು ಸುತ್ತುತ್ತಾ, "ಸೊಳ್ಳೆ ಬರುತ್ತೆ ಅಂತ" ಅಂದಳು.

ಹಾಲಿನ ಪ್ಯಾಕೆಟ್ ಇಡುವ ಪೆಟ್ಟಿಗೆ ಇರಬೇಕು ಅಂದುಕೊಂಡೆವು. ಕಣ್ಣನ್ ತಲೆ ಕೆಡಿಸಿಕೊಂಡ. ನಡುವೆ ಒಂದು ಮರದ ಅಡ್ಡಗೋಲು ಜಾರುವ ಹಾಗೆ ಮಾಡಿದ. ಈ ಬಾಗಿಲು ತೆರೆದರೆ ಕೋಲು ಹೋಗಿ ಆ ಬಾಗಿಲನ್ನು ಒತ್ತಿ ಹಿಡಿಯುತ್ತಿತ್ತು. ಕಬ್ಬಿಣವಿಲ್ಲ, ಸ್ಪ್ರಿಂಗಿಲ್ಲ. ಅವನು ಹತ್ತು ಸಲ ತೆರೆದು ಮುಚ್ಚಿ ತೋರಿಸಿದ. "ನೋಡು, ಈ ಕಡೆಯವನಿಗೆ ಆ ಕಡೆಯವನ ಮುಖ ಕಾಣಲ್ಲ" ಅಂತ ಹಿಗ್ಗಿದ. ನಾನೂ ಚಪ್ಪಾಳೆ ತಟ್ಟಿದೆ. ಆಗ ಬಾಗಿಲಲ್ಲಿ ಅವ್ವ ಬೊಗಸೆಯನ್ನು ಇನ್ನೂ ಸ್ವಲ್ಪ ಮುಂದೆ ಚಾಚಿದಳು.

ಆ ಪೆಟ್ಟಿಗೆ ಹೋಗಬೇಕಾದ ಮನೆ ಕೊಯಮತ್ತೂರಿನಲ್ಲಿ, ನಾಲ್ಕನೇ ಮಹಡಿ. ಯಜಮಾನ ಸತೀಶ್ ಕುಮಾರನದು ಅನ್ನೂರಿನ ಕಡೆ ಸಣ್ಣ ಮಿಲ್ಲು. ಅವನ ಹೆಂಡತಿ ಗೋಮತಿ ಅಡುಗೆಮನೆ ಮುಗಿಯುತ್ತಲೇ ಸಾಮಾನು ತಂದು ಸೇರಿಕೊಂಡು, ದಿನವೂ ನಿಂತು ಕೆಲಸ ನೋಡುತ್ತಿದ್ದಳು. ಲಿಫ್ಟಿನಲ್ಲಿ ಹಲಗೆ ತರಬಾರದು, ಗೀರಾಗುತ್ತದೆ ಅಂದಿದ್ದರು. ಹೊತ್ತೆವು. ತಿರುವಿನಲ್ಲಿ ಹಲಗೆ ತಿರುಗಿಸುವಾಗ ನನ್ನ ಭುಜದ ಚರ್ಮ ಕಿತ್ತು ಬಂತು. ಉಚ್ಚೆಗೆ ವಾಚ್‌ಮನ್ ಕಕ್ಕಸಿಗೆ ಇಳಿದು ಹೋಗಬೇಕು. ಅದಕ್ಕೇ ನಾನು ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದೆ. ಕಟ್ಟಿದವರಿಗೆ ಕಟ್ಟಡದೊಳಗೆ ಒಂದು ಕಕ್ಕಸು ಇಲ್ಲ, ಇದು ಎಲ್ಲ ಕಡೆಯ ಕಥೆ.

ಗೋಮತಿ ಕೆಟ್ಟವಳ ಹಾಗೆ ಕಾಣಲಿಲ್ಲ. ತಮಿಳಿನಲ್ಲಿ "ಅಮ್ಮಣಿ, ಬಾ, ಕಾಫಿ ಕುಡಿ" ಅಂತ ಅಡುಗೆಮನೆಗೇ ಕರೆದು ತನ್ನ ಹೊಳೆಯುವ ಸ್ಟೀಲ್ ಲೋಟದಲ್ಲಿ ಕೊಡುತ್ತಿದ್ದಳು. "ನಿಮ್ಮ ಕುಲದವರ ಕೈಯಲ್ಲಿ ವಿಶ್ವಕರ್ಮನೇ ಇದ್ದಾನೆ" ಅನ್ನುತ್ತಿದ್ದಳು. ಕಣ್ಣನ್ ತಲೆ ತಗ್ಗಿಸಿ ಸ್ಕ್ರೂ ಬಿಗಿಯುತ್ತಿದ್ದ. ನಾನು ಕಾಫಿ ಕುಡಿದು ಲೋಟ ತೊಳೆದು ಇಡುತ್ತಿದ್ದೆ.

ಯು ಎರಡನ್ನು ಗೋಡೆಗೆ ಏರಿಸಿದ ದಿನ ಭಾರಕ್ಕೆ ನನ್ನ ಕೈ ಜಾರಿತು. "ಮಾವಾ, ಹಿಡಿ ಹಿಡಿ, ಬಿಡಬೇಡ, ಕಾಲ ಮೇಲೆ ಬೀಳ್ತದೆ!" ಅಂತ ಕೂಗಿದೆ. ಗಾಬರಿಯಲ್ಲಿ ಮನೆಮಾತೇ ಬಾಯಿಗೆ ಬರುವುದು. ಗೋಮತಿ ಓಡಿ ಬಂದಳು. ಮುಖ ಅರಳಿತ್ತು.

"ಅಡಡೆ! ನೀವು ಕನ್ನಡದವರಾ? ಹೇಳಲೇ ಇಲ್ಲ ನೋಡು ಅಮ್ಮಣಿ! ನಮ್ಮನೇಲೂ ಕನ್ನಡವೇ. ನಮ್ಮತ್ತೆಗೆ ತಮಿಳೇ ಸರಿಯಾಗಿ ಬರಲ್ಲ."

ನನಗೂ ಖುಷಿಯಾಯಿತು. ಈ ಊರಿನಲ್ಲಿ ನಮ್ಮ ಮಾತು ಕಿವಿಗೆ ಬಿದ್ದರೆ ನೆಂಟರು ಸಿಕ್ಕ ಹಾಗೆ.

"ಯಾವೂರು ನಿಮ್ಮದು?"

"ಅನ್ನೂರು ಹತ್ರ ಅಕ್ಕಾ."

"ಅನ್ನೂರಾ! ನಮ್ಮ ತಾಯಿಮನೆ ಅಲ್ಲೇ. ಯಾವ ಹಳ್ಳಿ?"

ಹೇಳಿದೆ.

"ಆ ಊರಲ್ಲಿ ನಮ್ಮ ಮಾತು ಆಡೋ ಆಚಾರಿಗಳು ಇಲ್ಲವಲ್ಲ" ಅಂದಳು. ನಗು ಇನ್ನೂ ಇತ್ತು. "ಯಾವ ಬೀದಿ ಅಮ್ಮಣಿ? ಗುಡಿ ಪಕ್ಕದ ಕೋವಿಲ್ ಬೀದೀನಾ?"

ಬಾಯಿಬಿಟ್ಟರೆ ಬಣ್ಣಗೇಡು ಅನ್ನುತ್ತಾರಲ್ಲ, ಅದು. ಕಣ್ಣನ್ ನನ್ನನ್ನು ನೋಡಿದ. ಬೇಡ ಅಂತ ಅವನ ಕಣ್ಣು. ನನಗೆ ಸುಳ್ಳು ಹೇಳಲು ಬರುತ್ತದೆ, ಬರುವುದಿಲ್ಲ ಅಂತಲ್ಲ. ಆದರೆ ಬಾಲ್ಕನಿಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಪೋತ್ತನೂರಿನಿಂದ ಇಲ್ಲಿಗೆ ಹೇಗೆ ಬಂದಳೋ. ಅವಳ ಎದುರಿಗೆ ಅವಳ ಬೀದಿಯನ್ನು ಮುಚ್ಚಿಡಲು ಆಗಲಿಲ್ಲ.

"ಕೆರೆ ಆಚೆ ಬೀದಿ ಅಕ್ಕಾ. ವಳ್ಳಿಯಮ್ಮನ ಮಗಳು."

ಗೋಮತಿಯ ನಗು ಒಮ್ಮೆಲೇ ಹೋಗಲಿಲ್ಲ. ತುಟಿಯಲ್ಲಿ ಉಳಿದು ಕಣ್ಣಿನಲ್ಲಿ ಮೊದಲು ಆರಿತು. "ಓ" ಅಂದಳು. ಒಂದು ಹೆಜ್ಜೆ ಹಿಂದೆ ಇಟ್ಟಳು. ಕಪಾಟು ತೆರೆದು ನಾನು ಬೆಳಿಗ್ಗೆ ಕಾಫಿ ಕುಡಿದ ಲೋಟ ಯಾವುದು ಅಂತ ಹುಡುಕಿದಳು. ಎಲ್ಲವೂ ಒಂದೇ ಥರ ಇದ್ದವು. ಗುರುತು ಸಿಗಲಿಲ್ಲ.

ಮಾರನೆಯ ದಿನ ಕೆಲಸ ಮುಗಿಯುವುದಿತ್ತು. ನಾನು ಬಾಲ್ಕನಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಪೆಟ್ಟಿಗೆಗಳ ಮೇಲಿನ ಪ್ಲಾಸ್ಟಿಕ್ ಹಾಳೆ ಕೀಳುತ್ತಿದ್ದೆ. ಮನೆಗೆಲಸದ ಬೆಳ್ಳಿಯಮ್ಮ ಪಕ್ಕದಲ್ಲಿ ಬಟ್ಟೆ ಹಿಂಡುತ್ತಿದ್ದಳು. ಗೋಮತಿಯ ಹಳೆಯ ಮನೆಯಿಂದಲೇ ಜೊತೆಗೆ ಬಂದವಳು. ನಮ್ಮಂಥದೇ ಕೇರಿಯವಳು. ಮೊಣಕೈವರೆಗೆ ಸೋಪಿಗೆ ಸುಲಿದ ಕೈ.

ಪೆಟ್ಟಿಗೆಯೊಳಗೆ ಟಣ್ ಅಂತ ಸದ್ದಾಯಿತು. ಆ ಕಡೆಯ ಬಾಗಿಲು ಮುಚ್ಚಿಕೊಂಡಿತು. ಅಡ್ಡಗೋಲು ಜಾರಿತು. ಒಳಗಿನಿಂದ ಗೋಮತಿಯ ದನಿ.

"ಏ ಇವಳೇ. ನಿನಗೆ ಕಾಫಿ ಇಟ್ಟಿದೆ. ತಗೋ."

ಇವಳೇ. ಅಮ್ಮಣಿ ಹೋಗಿತ್ತು.

ಏನೂ ಅರ್ಥವಾಗದೆ ಯು ಎರಡರ ಬಾಗಿಲು ತೆರೆದೆ. ಒಳಗೆ ಒಂದು ಸೊಟ್ಟ ತಟ್ಟೆ, ಎರಡು ಹಳೆಯ ಅಲ್ಯೂಮಿನಿಯಂ ಲೋಟ. ಒಂದರಲ್ಲಿ ಕಾಫಿ. ನಾನೇ ಉಜ್ಜಿ ನುಣುಪು ಮಾಡಿದ ಅಂಚು, ನಾನೇ ಒರೆಸಿ ಬೆಳಗಿಸಿದ ಲ್ಯಾಮಿನೇಟು. ಅದರ ಮೇಲೆ ಕಾಫಿಯ ಹಬೆ.

"ಅದು ನನ್ನ ಲೋಟ" ಅಂದಳು ಬೆಳ್ಳಿಯಮ್ಮ. "ಇನ್ನೊಂದು ನಿನಗಂತ ನಿನ್ನೆ ತಂದಿಟ್ಟವರೆ. ಲೋಟ ಅದಲುಬದಲಾಗಿದೆ. ಪರವಾಗಿಲ್ಲ ಕುಡಿ."

"ಈ ಪೆಟ್ಟಿಗೆ ಇದಕ್ಕಾ?"

"ಮತ್ತೆ? ಹಳೇ ಮನೇಲಿ ಬಚ್ಚಲ ಕಿಟಕೀಲಿ ಇಡ್ತಿದ್ದೆ. ಇಲ್ಲಿ ಗೂಡು ಮಾಡಿಸಿಕೊಟ್ಟವರೆ."

ಮಾಡಿದ್ದುಣ್ಣೋ ಮಹಾರಾಯ ಅಂದ ಹಾಗಾಯಿತು.

ನಮ್ಮೂರ ದೊಡ್ಡಮನೆಯ ಹಿತ್ತಿಲಲ್ಲಿ ನಮ್ಮವ್ವ ಹೀಗೆಯೇ ನಿಲ್ಲುತ್ತಿದ್ದಳು. ಸೂರಿನ ಸಂದಿಯಲ್ಲಿ ಅವಳ ತೆಂಗಿನ ಕರಟ. ಅದನ್ನು ತೆಗೆದು ಹಿಡಿದರೆ ಮೇಲಿನಿಂದ ನೀರು ಹುಯ್ಯುತ್ತಿದ್ದರು. ಕರಟ ಒಡೆದ ದಿನ ಬೊಗಸೆ. ಸಾಯುವಾಗ ಅವಳು ಸರ್ಕಾರಿ ಆಸ್ಪತ್ರೆಯಲ್ಲಿದ್ದಳು. ನರ್ಸಮ್ಮ ಲೋಟದಲ್ಲಿ ನೀರು ತಂದು ಬಾಯಿಗೆ ಹಿಡಿದಳು. ಅವ್ವ ಲೋಟಕ್ಕೆ ಬಾಯಿ ಕೊಡಲಿಲ್ಲ. ಎರಡು ಕೈ ಎತ್ತಿ ಬೊಗಸೆ ಹಿಡಿದಳು. ನರ್ಸಮ್ಮನಿಗೆ ಅದು ಗೊತ್ತಾಗಲಿಲ್ಲ. ನೀರು ಹಾಸಿಗೆಗೆ ಚೆಲ್ಲಿತು. ಅವ್ವ ಒದ್ದೆ ಕೈ ನೆಕ್ಕಿಕೊಂಡು ಸತ್ತಳು. ಈಗ ಗೊತ್ತಾಯಿತು ಅವಳು ಯಾಕೆ ಬಂದಳು ಅಂತ. ಮಗಳೇ, ಅದನ್ನು ಮಾಡಬೇಡ ಅಂತ ಹೇಳಲು ಬಂದಿದ್ದಳು. ನಾನು ಚಪ್ಪಾಳೆ ತಟ್ಟಿದ್ದೆ.

ಕಾಫಿಯನ್ನು ಸಿಂಕಿಗೆ ಚೆಲ್ಲಿದೆ. ತೊಳೆದ ಲೋಟವನ್ನು ಬೆಳ್ಳಿಯಮ್ಮನ ಕೈಗೆ ಕೊಟ್ಟೆ. ತಟ್ಟೆ, ಇನ್ನೊಂದು ಲೋಟ ತೆಗೆದು ಕೆಳಗಿಟ್ಟೆ. ಸ್ಕ್ರೂಡ್ರೈವರ್ ತೆಗೆದುಕೊಂಡು ಕೀಲು ಬಿಚ್ಚತೊಡಗಿದೆ.

ಕಣ್ಣನ್ ಓಡಿ ಬಂದ. "ಏನು ಮಾಡ್ತಿದ್ದೀಯ?"

"ನಿನ್ನ ಸೊಳ್ಳೆ ಪೆಟ್ಟಿಗೆ ಬಿಚ್ಚುತಾ ಇದೀನಿ. ಸೊಳ್ಳೆ ಯಾರು ಗೊತ್ತಾ ಮಾವಾ? ನಾವು."

ಲೋಟ ನೋಡಿದ. ತಟ್ಟೆ ನೋಡಿದ. ಅವನಿಗೆ ಯಾರೂ ವಿವರಿಸಬೇಕಾಗಲಿಲ್ಲ. ಅವನ ಅವ್ವನೂ ಅದೇ ಬೀದಿಯವಳು. ಕೈ ಒಳಗೆ ಹಾಕಿ ತಾನು ಮಾಡಿದ ಅಡ್ಡಗೋಲನ್ನು ಹಿಡಿದ. ಅದು ಗಟ್ಟಿಯಾಗಿತ್ತು, ಒಳ್ಳೆಯ ಕೆಲಸವಾಗಿತ್ತು. ಮುರಿಯಲು ಅವನು ಎರಡು ಸಲ ಎಳೆಯಬೇಕಾಯಿತು.

"ನೀವು ಹೋಗ್ತೀರಿ" ಅಂದಳು ಬೆಳ್ಳಿಯಮ್ಮ. "ನಾ ನಾಳೆನೂ ಬರಬೇಕು. ಮತ್ತೆ ಬಚ್ಚಲ ಕಿಟಕೀನಾ ನನಗೆ? ಇದರಲ್ಲಿ ಧೂಳಾದರೂ ಬೀಳ್ತಿರಲಿಲ್ಲ."

ಅವಳ ಮೇಲೆ ನನಗೆ ಸಿಟ್ಟು ಬಂತು. ಆಮೇಲೆ ನಾಚಿಕೆಯಾಯಿತು. ಧೂಳು ಬೀಳದ ಅವಮಾನವನ್ನೇ ಅನುಕೂಲ ಅನ್ನಬೇಕಾದ ಹಾಗೆ ಮಾಡಿಟ್ಟಿದ್ದರು ಅವಳನ್ನು. ಬಿಚ್ಚುತ್ತಲೇ ಇದ್ದೆ.

ಪೆಟ್ಟಿಗೆ ಕೆಳಗಿಳಿಯುವ ಹೊತ್ತಿಗೆ ಗೋಮತಿ ಫೋನು ಮಾಡಿ ಸರಣ್ಯಾಳನ್ನು ಕರೆಸಿದ್ದಳು. ಸರಣ್ಯಾ ಹೆಲ್ಮೆಟ್ ಕೈಯಲ್ಲಿ ಹಿಡಿದೇ ಬಾಲ್ಕನಿಗೆ ಬಂದಳು. ನನ್ನ ಮುಖ ನೋಡಿದಳು. ನೆಲ ನೋಡಿದಳು.

"ನಿನಗೆ ಗೊತ್ತಿತ್ತಾ?" ಅಂದೆ.

"ಕ್ಲೈಂಟ್ ಕೇಳಿದರು ಅಕ್ಕಾ. ನಿಮಗೆ ನೋವಾಗುತ್ತೆ ಅಂತ ಹೇಳಲಿಲ್ಲ."

"ಹೇಳಿದ್ದರೆ ನಾವು ಮಾಡ್ತಿರಲಿಲ್ಲ. ಅದಕ್ಕೆ ಹೇಳಲಿಲ್ಲ. ನಮ್ಮ ನೋವಿನ ಮೇಲೆ ಯಾಕೆ ಹಾಕ್ತೀಯ?"

ಅವಳ ಕಣ್ಣು ತುಂಬಿತು. ಅಳಲಿ ಅಂತ ಬಿಟ್ಟೆ.

"ಟೇಪಿನ ಒಂದು ತುದಿ ನೀನು, ಒಂದು ತುದಿ ನಾವು ಅಂದೆಯಲ್ಲ ಸರಣ್ಯಾ. ಉದ್ದ ಹೇಳಿದೆ, ಅಗಲ ಹೇಳಿದೆ. ಯಾರಿಗೆ, ಯಾತಕ್ಕೆ ಅನ್ನೋದನ್ನು ಮಾತ್ರ ನಿನ್ನ ಕೈಯಲ್ಲೇ ಇಟ್ಟುಕೊಂಡೆ. ಜೊತೆ ಕೆಲಸ ಅಂದರೆ ಇದಾ? ನನ್ನ ತಟ್ಟೇಲಿ ಉಂಡವಳು ನೀನು. ನನಗೆ ತಟ್ಟೆ ಬೇರೆ ಇಡೋ ಗೂಡು ಬರೆದುಕೊಟ್ಟೆ."

"ತಪ್ಪಾಯಿತು ಅಕ್ಕಾ. ನಾನು ಸರಿ ಮಾಡ್ತೀನಿ." ಕಣ್ಣೊರೆಸಿಕೊಂಡಳು. ದನಿ ತಗ್ಗಿಸಿದಳು. "ಪ್ಲೈವುಡ್ಡು ನೀರಿಗೆ ನೆನೆದಿದೆ, ಈ ಜಾಗಕ್ಕೆ ಪೆಟ್ಟಿಗೆ ಬಾಳಿಕೆ ಬರಲ್ಲ ಅಂತ ಹೇಳ್ತೀನಿ. ಗೋಡೆ ಮುಚ್ಚಿಸಿಬಿಡೋಣ. ಯಾರಿಗೂ ಮನಸ್ತಾಪ ಇಲ್ಲ. ಮುಂದಿನ ಮನೆಗಳೂ ಇವರ ಕಡೆಯವರದೇ ಅಕ್ಕಾ, ಎಲ್ಲ ನಿಮಗೇ ಕೊಡೋದು."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಓದಿದವರು ಇದನ್ನು ಎಲ್ಲಿ ಕಲಿಯುತ್ತಾರೋ.

"ನೆನೆದಿದೆ ಅನ್ನಬೇಡ. ಕೂಡದು ಅನ್ನು" ಅಂದೆ.

ಅವಳು ತಲೆಯಾಡಿಸಿದಳು. ಒಳಗೆ ಹೋದಳು. ಪೆಟ್ಟಿಗೆ ತೆಗೆದ ಗೋಡೆಯಲ್ಲಿ ತೂತು ಬಾಯಿ ತೆರೆದುಕೊಂಡಿತ್ತು. ಇಟ್ಟಿಗೆಯ ಹಲ್ಲು ಹೊರಗೆ ಕಾಣುತ್ತಿತ್ತು. ಅದರೊಳಗಿನಿಂದ ಅಡುಗೆಮನೆಯ ಮಾತು ನನ್ನ ಕಿವಿಗೇ ಬಂದು ಬೀಳುತ್ತಿತ್ತು. ಕಣ್ಣನ್ ನನ್ನ ಹಿಂದೆ ನಿಂತಿದ್ದ. ಅವನ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು.

"ಏನಂತೆ ಅವರದು?" ಗೋಮತಿ ತಮಿಳಿನಲ್ಲಿ ಕೇಳಿದಳು.

ಸರಣ್ಯಾ ನಿಜ ಹೇಳುತ್ತಾಳೆ ಅಂತ ನಾನು ನಂಬಿದೆ. ಸತ್ಯವಾಗಿಯೂ ನಂಬಿದೆ.

"ಏನಿಲ್ಲ ಮೇಡಂ. ಪ್ಲೈವುಡ್ಡು ಸ್ವಲ್ಪ ನೆನೆದಿದೆ. ಅದಕ್ಕೇ ತೆಗೆದರು."

"ಅಷ್ಟೇನಾ? ಹಾಗಾದರೆ ಬೇರೆ ಪೆಟ್ಟಿಗೆ ಮಾಡಿಸು. ನೀರು ಹಿಡಿಯದ ಹಲಗೇಲಿ. ಬೇರೆಯವರ ಕೈಲಿ."

"ಸರಿ ಮೇಡಂ."

ಹೀಗೆ ಮುಗಿಯುತ್ತಿತ್ತು. ನಾವು ಮೆಟ್ಟಿಲಿಳಿದು ಹೋಗುತ್ತಿದ್ದೆವು. ಇನ್ನೊಬ್ಬ ಕಣ್ಣನ್ ಇನ್ನೊಂದು ಶೆಡ್ಡಿನಲ್ಲಿ ಸೊಳ್ಳೆ ಬರಬಾರದು ಅಂತ ಇನ್ನೂ ಚೆಂದದ ಕೋಲು ಕಡೆಯುತ್ತಿದ್ದ. ಬೆನ್ನ ಹಿಂದೆ ಅವ್ವ ಇದ್ದಳೋ ಇಲ್ಲವೋ, ತಿರುಗಿ ನೋಡಲಿಲ್ಲ.

ತೂತಿನೊಳಗೆ ತಲೆ ತೂರಿಸಿದೆ. ಇಟ್ಟಿಗೆ ಕೆನ್ನೆಗೆ ಕೆರೆಯಿತು.

"ನೆನೆದಿಲ್ಲ" ಅಂದೆ. ನಮ್ಮ ಮಾತಿನಲ್ಲೇ ಅಂದೆ. ಅವಳಿಗೂ ನನಗೂ ಒಂದೇ ಮಾತು.

ಗೋಮತಿ ಬೆಚ್ಚಿ ತಿರುಗಿದಳು. ಅವಳ ಮುಖ ನನ್ನ ಮುಖಕ್ಕೆ ಒಂದು ಮೊಳ ದೂರ.

"ಹಲಗೆ ಚೆನ್ನಾಗಿದೆ. ನೂರು ವರ್ಷ ಬರ್ತದೆ. ನಾವು ಕೊಡಲ್ಲ. ನಮ್ಮನ್ನ ಹೊರಗಿಡೋ ಪೆಟ್ಟಿಗೆ ನಾವು ಮಾಡಲ್ಲ. ತಿಳೀದೆ ಮಾಡಿದೆವು, ತಿಳಿದು ಬಿಚ್ಚಿದೆವು. ಈ ಹುಡುಗಿಗೆ ಹೇಳೋಕೆ ಬಾಯಿ ಬರಲಿಲ್ಲ. ನಾನು ಹೇಳ್ತಿದೀನಿ. ನಿನ್ನ ಲೋಟದಲ್ಲಿ ಅಷ್ಟು ದಿನ ನಾ ಕುಡಿದೆ. ಯಾವುದು ಅಂತ ನಿನಗೆ ಗೊತ್ತಾಗಲಿಲ್ಲ. ಇನ್ನೂ ಅದರಲ್ಲೇ ಕುಡೀತಿದೀಯ. ಸತ್ತೆಯಾ?"

"ಏಯ್! ನಾಲಿಗೆ ಬಿಗಿ ಹಿಡಿ!" ಅವಳು ಕಿರುಚಿದಳು. "ಸರಣ್ಯಾ, ಇವರನ್ನ ಕಳಿಸು! ಇವರಿಂದ ಇನ್ನು ಒಂದು ಕೆಲಸವೂ ಬೇಡ. ನೀನು ಇವರನ್ನೇ ಕರೆದರೆ ನೀನೂ ಬೇಡ."

ಸರಣ್ಯಾ ಗೋಡೆಗೆ ಒರಗಿದಳು. ಹೆಲ್ಮೆಟ್ಟನ್ನು ಹೊಟ್ಟೆಗೆ ಒತ್ತಿ ಹಿಡಿದಿದ್ದಳು. ನನ್ನನ್ನು ನೋಡಿದಳು, ಗೋಮತಿಯನ್ನು ನೋಡಿದಳು. ಆಮೇಲೆ ನೆಲ ನೋಡಿದಳು. ಸರಣ್ಯಾಳ ಮೇಲೆ ಸಿಟ್ಟೂ ಉಳಿಯಲಿಲ್ಲ ನನಗೆ. ಟೇಪಿನ ಆ ತುದಿ ನೆಲಕ್ಕೆ ಬಿತ್ತು ಅಂದುಕೊಂಡೆ.

ತಲೆ ಹೊರಗೆ ತೆಗೆದುಕೊಂಡೆ. ಕೆನ್ನೆಯಿಂದ ರಕ್ತ ಒಸರುತ್ತಿತ್ತು. ಕಣ್ಣನ್ ಉಪಕರಣಗಳನ್ನು ಚೀಲಕ್ಕೆ ತುಂಬತೊಡಗಿದ. ಆಗ ಬೆಳ್ಳಿಯಮ್ಮ ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದಳು.

ನಾಳೆನೂ ಬರಬೇಕಾದವಳು ಅವಳು. ಮನೆಗೆ ಹೋಗಿ ಅಕ್ಕಿ ಹಾಕಬೇಕಾದವಳು. ಸೆರಗಿನಲ್ಲಿ ಕೈ ಒರೆಸಿಕೊಂಡು ಅಲ್ಯೂಮಿನಿಯಂ ಲೋಟವನ್ನು ತೂತಿನೊಳಗೆ ಚಾಚಿದಳು. ಭುಜದವರೆಗೆ ತೋಳು ಒಳಗೆ ಹೋಯಿತು. ಲೋಟವನ್ನು ಅಡುಗೆಮನೆಯ ಗ್ರಾನೈಟಿನ ಮೇಲೆ, ಗೋಮತಿಯ ಸ್ಟೀಲ್ ಲೋಟದ ಪಕ್ಕಕ್ಕೆ, ತಾಗುವ ಹಾಗೆ ಇಟ್ಟಳು.

"ಅಮ್ಮಾ, ಕಾಫಿ ಹಾಕಿ" ಅಂದಳು.

ಗೋಮತಿ ಎರಡು ಲೋಟಗಳನ್ನೂ ನೋಡಿದಳು. ಯಾವುದನ್ನೂ ಮುಟ್ಟಲಿಲ್ಲ. ಬೆಳ್ಳಿಯಮ್ಮ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.